ಒಕ್ಕಲು ಮತ್ತು ಜಾಲಿಯಾ

ಹಳೆಯ ಇಂಗ್ಲಿಷಿನಲ್ಲಿ 'ಥಿಯೋದ್' ಎಂಬ ಪದವಿತ್ತು. ಜನ, ಕುಲ, ನಾಡು ಎಲ್ಲಕ್ಕೂ ಅದೇ ಹೆಸರು. ಕ್ರಿ.ಶ. 786ರಲ್ಲಿ ಇಂಗ್ಲೆಂಡಿನ ಒಂದು ಧರ್ಮಸಭೆಯಲ್ಲಿ ನಿರ್ಣಯಗಳನ್ನು ಲ್ಯಾಟಿನ್ನಿನಲ್ಲಿ ಓದಿದ್ದಲ್ಲದೆ, ಎಲ್ಲರಿಗೂ ತಿಳಿಯಲೆಂದು ಜನರ ಮಾತಿನಲ್ಲೂ ಓದಿದರೆಂದು ಪೋಪರಿಗೆ ಹೋದ ವರದಿ ಹೇಳುತ್ತದೆ. ಆ 'ಜನರ ಮಾತಿಗೆ' ಅಲ್ಲಿ ಬಳಸಿದ ಶಬ್ದ ಥಿಯೋದ್‌ನ ಬಳಗದ್ದು. ಮುಂದೆ ಇಂಗ್ಲಿಷರು ಪದವನ್ನು ಮರೆತರು. ಜರ್ಮನರ 'ಡಾಯ್ಚ್' ಮತ್ತು 'ಡಚ್' ಎಂಬ ಹೆಸರುಗಳಲ್ಲಿ ಅದರ ಬೇರು ಉಳಿಯಿತು.

ಲೆಕ್ಕ ಬರೆಯುವವನಿಗೆ ಈ ಪದಗಳ ಗೊಡವೆ ಏಕೆ ಎನ್ನಬಹುದು. ನಾನಿರುವ ದಮ್ಮಾಮಿನಲ್ಲಿ ನಮ್ಮಂಥ ಪರದೇಶಿ ಸಮುದಾಯಕ್ಕೆ ಅರಬ್ಬಿಯಲ್ಲಿ 'ಜಾಲಿಯಾ' ಎನ್ನುತ್ತಾರೆ. ಊರು ಬಿಟ್ಟು ಹೋಗುವುದು ಎಂಬುದು ಅದರ ಮೂಲಾರ್ಥ. 7ನೆಯ ಶತಮಾನದಲ್ಲಿ ಖಲೀಫ ಉಮರ್ ಕಾಲದಲ್ಲಿ ಖೈಬರಿನ ಯಹೂದಿಗಳು, ನಜ್ರಾನಿನ ಕ್ರೈಸ್ತರು ಅರೇಬಿಯ ಬಿಡಬೇಕಾಯಿತು. ಹಾಗೆ ಹೊರಟವರು ಜಾಲಿಯಾ. ಕ್ರಮೇಣ ಅವರಂಥವರು ಕೊಡುತ್ತಿದ್ದ ತಲೆಗಂದಾಯಕ್ಕೂ ಅದೇ ಹೆಸರು ಬಿತ್ತು. ಈಜಿಪ್ಟಿನ ಕಂದಾಯದ ಕಡತಗಳಲ್ಲಿ ಅದರ ಬಹುವಚನ 'ಜವಾಲಿ' ಶತಮಾನಗಳ ಕಾಲ ನಡೆಯಿತು. ಜನರಿಗೂ ಅವರು ಕಟ್ಟುವ ಹಣಕ್ಕೂ ಒಂದೇ ಪದ! ಇದನ್ನು ಓದಿದ ದಿನ ನನಗೆ ನೆನಪಾದದ್ದು ನಮ್ಮ ಅಜ್ಜ.

ಅಜ್ಜ ದಕ್ಷಿಣ ಕನ್ನಡದಲ್ಲಿ ಒಬ್ಬ ಧಣಿಗಳ ಒಕ್ಕಲು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಗೇಣಿ. 'ಒಕ್ಕಲು' ಎಂದರೆ ಗೇಣಿದಾರ ಮಾತ್ರವಲ್ಲ. ಅದು ಸಂಸಾರ, ವಾಸ, ಬೇಸಾಯಗಾರ. ಮನೆದೇವರಿಗೆ ನಡೆದುಕೊಳ್ಳುವವರೂ ಆ ದೇವರ ಒಕ್ಕಲೇ. ಹೊಸಮನೆಗೆ ಕಾಲಿಟ್ಟರೆ ಮನೆ ಒಕ್ಕಲು. ಬಲವಂತವಾಗಿ ಹೊರಗೆ ಹಾಕಿದರೆ ಒಕ್ಕಲೆಬ್ಬಿಸಿದರು. ಧಣಿಗಳ ಪುಸ್ತಕದಲ್ಲಿ ಮಾತ್ರ ಅದಕ್ಕೆ ಒಂದೇ ಅರ್ಥ: ಗೇಣಿ ಬರಬೇಕಾದ ಬಾಬ್ತು. 1974ರ ಮಾರ್ಚ್ 1ರಂದು ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಅಜ್ಜ 7ನೇ ನಂಬರಿನ ಅರ್ಜಿಗೆ ಹೆಬ್ಬೆಟ್ಟು ಒತ್ತಿ ಡಿಕ್ಲರೇಶನ್ ಕೊಟ್ಟರು. ಜಾಗ ಅವರದಾಯಿತು. ಆದರೂ ಸಾಯುವ ತನಕ ತಮ್ಮನ್ನು ಒಕ್ಕಲು ಎಂದೇ ಹೇಳಿಕೊಂಡರು. ಕೇಳಿದರೆ, "ಒಕ್ಕಲಾಗಿದ್ದಕ್ಕೇ ಅಲ್ವೇನೋ ಮನೆ ಉಳಿದದ್ದು" ಎನ್ನುತ್ತಿದ್ದರು.

ನನ್ನ ಸಂಸಾರ ದಮ್ಮಾಮಿಗೆ ಬಂದ ದಿನ ಹೆಂಡತಿ ಬಾಡಿಗೆ ಮನೆಯ ಒಲೆಯಲ್ಲಿ ಹಾಲುಕ್ಕಿಸಿ, "ಇವತ್ತು ನಮ್ಮ ಮನೆ ಒಕ್ಕಲು" ಎಂದಿದ್ದಳು. 2017ರ ಜುಲೈಯಿಂದ ಪರದೇಶಿ ನೌಕರರ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು; ವರ್ಷಕ್ಕೆ 100ರಂತೆ ಏರಿ 2020ಕ್ಕೆ 400 ಆಗುವುದೆಂದು ಮೊದಲೇ ತಿಳಿಸಿದ್ದರು. ಹೆಂಡತಿ, ಇಬ್ಬರು ಮಕ್ಕಳು: ವರ್ಷಕ್ಕೆ 3,600 ಇದ್ದದ್ದು 14,400. ಕಾನೂನು ಆಯಾ ದೇಶದ್ದು, ಅದನ್ನು ದೂರಿ ಫಲವಿಲ್ಲ. ಅನೇಕ ಗೆಳೆಯರಿಗೆ ಈ ತಃಖ್ತೆಯನ್ನು ಹಾಕಿಕೊಟ್ಟವನು ನಾನೇ. 2019ರ ಮಾರ್ಚ್ ಪರೀಕ್ಷೆ ಮುಗಿದ ಮೇಲೆ ನನ್ನದನ್ನೂ ಹಾಕಿದೆ. ಯಾರೂ ನಮ್ಮನ್ನು ಒಕ್ಕಲೆಬ್ಬಿಸಲಿಲ್ಲ, ಲೆಕ್ಕ ಎಬ್ಬಿಸಿತು. ಅವರು ಊರಿಗೆ ಹೋದರು, ನಾನು ಉಳಿದೆ.

ಈಗ ನಾವು ನಾಲ್ವರು ಒಂದು ಫ್ಲ್ಯಾಟಿನಲ್ಲಿದ್ದೇವೆ. ಶುಕ್ರವಾರ ಗಂಜಿ, ಒಣಮೀನಿನ ಚಟ್ನಿ. ಯಾರಿಗೆ ಕಾಯಿಲೆ, ಯಾರಿಗೆ ಕೆಲಸ ಹೋಯಿತು ಎಂದು ಬರೆದಿಡುವ ಒಂದು ಪುಸ್ತಕವಿದೆ. ಅದನ್ನು ಬರೆಯುವವನೂ ನಾನೇ. ಅದರಲ್ಲಿ ಯಾರು ಯಾರಿಗೆ ಎಷ್ಟು ಕೊಡಬೇಕೆಂಬ ಕಾಲಂ ಇಲ್ಲ. ಹೆಸರು, ಊರು, ಮನೆಯವರ ಫೋನ್ ನಂಬರ್, ಅಷ್ಟೇ. ಸರ್ಕಾರದ ಕಡತದಲ್ಲಿ ನಾವು ಜಾಲಿಯಾ, ಇರಲಿ. ಪುಸ್ತಕದ ಮೇಲೆ ಏನು ಬರೆಯಲಿ ಎಂದು ಕೇಳಿದಾಗ ಅಡುಗೆ ಮಾಡುತ್ತಿದ್ದವರು ತಿರುಗಿ ನೋಡದೆಯೇ ಹೇಳಿದರು: "ನಮ್ಮವರು ಅಂತ ಬರೀರಿ ಮಾರಾಯ್ರೆ."