ಯಾಜಕರಿಲ್ಲದ ನಾಡಿನಲ್ಲಿ ಉಳಿದ ವಿಶ್ವಾಸ

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಹಿರಿಯರ ಅಚಲ ವಿಶ್ವಾಸವನ್ನು ನಾವು ಕೊಂಡಾಡುತ್ತೇವೆ. ಆದರೆ ಕೆಲವರು ಧರ್ಮಸಭೆಯನ್ನು ತೊರೆಯುವುದೇಕೆ, ಕೆಲವರು ಉಳಿಯುವುದೇಕೆ ಎಂಬುದನ್ನೂ ನಾವು ವಿಚಾರಿಸಬೇಕಾಗಿದೆ. ಶ್ರೀಲಂಕೆಯ ಚರಿತ್ರೆ ಇದಕ್ಕೆ ಬೆಳಕು ಬೀರುತ್ತದೆ.

1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಪೋರ್ಚುಗೀಸರ ಕೈತಪ್ಪಿ ಡಚ್ಚರ ವಶವಾದವು. ಡಚ್ಚರು ಕಥೋಲಿಕ ಯಾಜಕರನ್ನು ಹೊರಗಟ್ಟಿದರು, ಬಲಿಪೂಜೆಯನ್ನು ನಿಷೇಧಿಸಿದರು. ಸರಕಾರಿ ಹುದ್ದೆಯನ್ನು ಬಯಸಿದವರು ಅವರ ಸುಧಾರಿತ ಸಭೆಯನ್ನು ಸೇರಬೇಕಾಯಿತು. ಅನೇಕರು ಸೇರಿದರು. ಅವರನ್ನು ಎಳೆದೊಯ್ದದ್ದು ತತ್ತ್ವವಿಚಾರವಲ್ಲ. ಜೀವನೋಪಾಯದ ಚಿಂತೆ ಮತ್ತು ದಂಡನೆಯ ಭಯ. ಉಳಿದವರು ಮನೆಯೊಳಗೆ ಗುಟ್ಟಾಗಿ ಪ್ರಾರ್ಥಿಸಿದರು.

1681ರಿಂದ 1684ರವರೆಗೆ ನಮ್ಮ ಕೆನರಾದಲ್ಲಿ ಸೇವೆಗೈದಿದ್ದ ಗೋವೆಯ ಯಾಜಕರಾದ ಜೋಸೆಫ್ ವಾಜರು 1687ರಲ್ಲಿ ಬಡಕೂಲಿಯ ವೇಷದಲ್ಲಿ ಅಲ್ಲಿಗೆ ತಲಪಿದರು. ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ಗುರುತಿಸಿ ಆದರಿಸಿದ ಮನೆಗಳಲ್ಲಿ ತಮ್ಮ ಮಂದೆಯನ್ನು ಕಂಡುಕೊಂಡರು. ಸುಮಾರು ಮೂವತ್ತು ವರ್ಷ ಯಾಜಕರಿಲ್ಲದಿದ್ದರೂ ಆ ದೀಪ ಆರಿರಲಿಲ್ಲ. ಮುಂದೆ ಅವರಿಗೆ ಆಶ್ರಯವಿತ್ತವನು ಕ್ಯಾಂಡಿಯ ಬೌದ್ಧ ಅರಸ. 1711ರ ಜನವರಿ 16ರಂದು ಅಲ್ಲಿಯೇ ದೈವಾಧೀನರಾದ ಅವರನ್ನು 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಸಂತರೆಂದು ಘೋಷಿಸಿದರು.

ವಿಶ್ವಾಸವನ್ನು ಉಳಿಸಿದ್ದು ಮನೆಯ ಪ್ರಾರ್ಥನೆ. ಚದುರಿದವರನ್ನು ಕೂಡಿಸಿದ್ದು ಹುಡುಕಿಕೊಂಡು ಬಂದ ಒಬ್ಬ ಗುರು. ಇಂದು ನಮ್ಮನ್ನು ಬೆದರಿಸುವ ಡಚ್ಚರಿಲ್ಲ. ಆದರೂ ಕೆಲವರು ದೂರವಾಗುತ್ತಿದ್ದಾರೆ. ರೋಗದಲ್ಲಿ, ಸಾಲದಲ್ಲಿ, ಮನೆಯ ಕಲಹದಲ್ಲಿ ನಾವು ಅವರನ್ನು ವಿಚಾರಿಸದೆ ಹೋದದ್ದೂ ಉಂಟು. ಅವರನ್ನು ದೂಷಿಸುವ ಮುನ್ನ, ಗುರುಗಳಾದ ನಾವೂ ಭಕ್ತಾದಿಗಳಾದ ತಾವೂ ಅವರ ಬಾಗಿಲನ್ನು ಎಷ್ಟು ಸಲ ತಟ್ಟಿದ್ದೇವೆಂದು ಕೇಳಿಕೊಳ್ಳೋಣ.