ಹಾಸು ಯಾರದು?

ನವಲಗುಂದದ ಜಮಖಾನ ನೋಡಿ. ನವಿಲು, ಹೂವು ಎಲ್ಲ ಹೊಕ್ಕಿನ ಬಣ್ಣದ ನೂಲಿನದು. ಒಳಗೆ ಬಿಗಿದು ನಿಂತು ಎಳೆತ ತಡೆಯುವ ಹಾಸು ಕಾಣೋದೇ ಇಲ್ಲ.

ಮೈಸೂರಿನ ನೇಯ್ಗೆಯ ಚರಿತ್ರೆಯನ್ನೂ ಹೀಗೇ ನೇಯ್ದಿದ್ದಾರೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ರೇಷ್ಮೆ ಕಾರ್ಖಾನೆ ಹಾಕಿಸಿದರು, ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿದರು. ಇದು ಎಲ್ಲರ ಬಾಯಲ್ಲೂ ಇದೆ.

ನಮ್ಮ ಕೇರಿಗಳಲ್ಲೂ ಮಗ್ಗ ಇದ್ದವು ಅಂತ ನಮಗೆ ಯಾರೂ ಹೇಳಲಿಲ್ಲ. ಡಿಗ್ರಿ ಮುಗಿಸಿದ ಮೇಲೆ ನಾವೇ ಪುಸ್ತಕ ತಡಕಬೇಕಾಯಿತು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ನೇಯುವ ಹೊಲೆಯರ ಬಗ್ಗೆ ಬರೆದಿದ್ದಾನೆ. 1909ರಲ್ಲಿ ಅಚ್ಚಾದ ಥರ್ಸ್ಟನ್ನನ ಪುಸ್ತಕದಲ್ಲೂ ಇದೆ: ಹೊಲೆಯರು ಕೈಮಗ್ಗದಲ್ಲಿ ದಪ್ಪ ಬಟ್ಟೆ ನೇಯುತ್ತಾರೆ, ಬಡವರು ಉಡುತ್ತಾರೆ, ಅಗ್ಗದ ಪರದೇಶಿ ಬಟ್ಟೆ ಅದನ್ನು ಮೂಲೆಗೆ ತಳ್ಳುತ್ತಿದೆ.

ಬಡವರ ಮಾನ ಮುಚ್ಚಿದ ಆ ಕೈಗಳನ್ನು ಊರು ಮುಟ್ಟಲಿಲ್ಲ. ಮಗ್ಗ ಹೋಯಿತು, ಕೂಲಿ ಉಳಿಯಿತು. ಆಮೇಲೆ ನಮ್ಮನ್ನೇ ಕಸುಬಿಲ್ಲದವರು ಅಂದರು.

ಗೆಳೆಯರೇ, ಅರಮನೆಯ ಜರಿಯಲ್ಲಿ ನಾವು ಪಾಲು ಕೇಳುತ್ತಿಲ್ಲ. ಹೊಕ್ಕು ಸರಿಸಿ ಹಾಸು ನೋಡೋಣ ಅಂತೀವಿ, ಅಷ್ಟೆ. ಅಶೋಕಪುರಂನಿಂದ ಹಿಡಿದು ಹಳ್ಳಿಯ ಹಟ್ಟಿಗಳ ತನಕ ಅಜ್ಜಿ ತಾತಂದಿರನ್ನು ಕೇಳಿ ಬರೆದುಕೊಳ್ಳೋಣ: ಯಾವ ಮನೆಯಲ್ಲಿ ಮಗ್ಗ ಇತ್ತು? ನೂಲು ತೆಗೆದವರು ಯಾರು?