ದೋಆಬಿನ ಖಾಸಗಿ ಶಾಲೆಗಳು

ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಿನಲ್ಲಿ ಅಕ್ಷರವು ಬಹು ಹಳೆಯದು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಕಂಡ ಶಾಸನವು ಅಶೋಕನ ಹೆಸರನ್ನೇ ಹೇಳಿ ವಿದ್ವಾಂಸರನ್ನು ಬೆರಗುಗೊಳಿಸಿತು. ಆದರೆ ಅದೇ ಮಸ್ಕಿಯ, ನೆರೆಯ ಸಿಂಧನೂರು ಲಿಂಗಸುಗೂರುಗಳ ಬಾಲಕರು ನಿಜಾಮರ ಕಾಲದಲ್ಲಿ ಅಕ್ಷರವನ್ನು ಯಾರ ಅಪ್ಪಣೆಯಿಂದ ಕಲಿಯುತ್ತಿದ್ದರೆಂಬುದನ್ನು ನಾವು ವಿಚಾರಿಸಿರುವುದು ಕಡಮೆ.

ಮೊದಲಲ್ಲಿ ಅಪ್ಪಣೆಯ ಮಾತೇ ಇರಲಿಲ್ಲ. ಮಠದ ಜಗುಲಿಯೋ ಗುಡಿಯ ಪೌಳಿಯೋ ಕೂಲಿಮಠವಾಗುತ್ತಿತ್ತು. ಅಯ್ಯನವರು ಮಣಲಿನಲ್ಲಿ ಅಕ್ಷರ ತಿದ್ದಿಸಿ, ಮಗ್ಗಿ ಹೇಳಿಸಿ, ಸುಗ್ಗಿಯಲ್ಲಿ ಕಾಳುಕಡಿ ಪಡೆಯುತ್ತಿದ್ದರು. ಸರಕಾರದ ನೆರವೂ ಇಲ್ಲ, ಹಂಗೂ ಇಲ್ಲ. ಈ ಸ್ವಾತಂತ್ರ್ಯವನ್ನು ನಾವು ಅತಿಯಾಗಿ ಹೊಗಳಲಾಗದು. ಹೆಣ್ಣುಮಕ್ಕಳಿಗೂ ಊರ ಹೊರಗಿನವರ ಮಕ್ಕಳಿಗೂ ಆ ಜಗುಲಿ ಬಹುಮಟ್ಟಿಗೆ ದೂರವೇ ಇತ್ತು.

ಹೈದರಾಬಾದು ಸಂಸ್ಥಾನದಲ್ಲಿ ಉರ್ದು ರಾಜಭಾಷೆಯಾಯಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಅದನ್ನೇ ಬೋಧನಭಾಷೆಯಾಗಿಸಿತು. ದೇಶಭಾಷೆಯೊಂದು ಉಚ್ಚ ವಿದ್ಯೆಗೆ ಸಲ್ಲುವುದೆಂದು ತೋರಿದ್ದು ದೊಡ್ಡ ಸಾಧನೆಯೇ. ಆದರೆ ಕನ್ನಡದ ಬಾಲಕನಿಗೆ ಕೆಳತರಗತಿಗಳನ್ನು ದಾಟಿದೊಡನೆ ತಾಯ್ನುಡಿಯ ದಾರಿ ಮುಗಿಯುತ್ತಿತ್ತು. ಉಳಿದ ಆಸರೆ ಖಾಸಗಿ ಶಾಲೆ. ಗುಲ್ಬರ್ಗದಲ್ಲಿ 1907ರಲ್ಲೇ ನೂತನ ವಿದ್ಯಾಲಯ ಹುಟ್ಟಿತು. ರಾಯಚೂರಿನಲ್ಲಿ, ಹಿಂದೂ ಮುಸ್ಲಿಮರ ಐಕ್ಯವನ್ನು ನಂಬಿದ ಪಂಡಿತ ತಾರಾನಾಥರು 1920ರ ದಶಕದ ಆದಿಯಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ನೋವಿನಲ್ಲಿ ಪಾಲುಗೊಳ್ಳುವವನೆಂಬುದೇ ಆ ಉರ್ದು ಹೆಸರಿನ ಅರ್ಥ. ಭಾಷೆಯ ಮೇಲೆ ಅವರಿಗೆ ದ್ವೇಷವಿರಲಿಲ್ಲ.

ಅದೇ ದಶಕದಲ್ಲಿ ಸರಕಾರವು ಖಾಸಗಿ ಶಾಲೆಗಳಿಗೆ ಪೂರ್ವಾನುಮತಿಯ ಕಟ್ಟಳೆ ವಿಧಿಸಿತು. ನಗರದ ಸಂಸ್ಥೆಗಳಿಗೆ ವಕೀಲರಿದ್ದರು, ವರ್ತಕರಿದ್ದರು. ಒಂದು ಕಾಲಕ್ಕೆ ಜಿಲ್ಲೆಯ ಠಾಣ್ಯವಾಗಿದ್ದ ಲಿಂಗಸುಗೂರು 1905ರಲ್ಲಿ ಆ ಪದವಿಯನ್ನೂ ಕಳೆದುಕೊಂಡಿತ್ತು. ರೈಲು ಮುಟ್ಟದ ಇಂಥ ಸೀಮೆಯ ಅಯ್ಯನವರು ಅರ್ಜಿ ಹಿಡಿದು ಎಷ್ಟು ದೂರ ನಡೆದಾರು? ಕಟ್ಟಳೆಯ ಭಾರ ಹಳ್ಳಿಯ ಜಗುಲಿಯ ಮೇಲೆಯೇ ಹೆಚ್ಚು ಬಿದ್ದಿತು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದೊಡನೆ ಕೂಡಿತು. 1956ರ ನವೆಂಬರ್ 1ರಂದು ಈ ಸೀಮೆ ಕನ್ನಡನಾಡಿಗೆ ಸೇರಿತು. 1950ರ ಸಂವಿಧಾನದ 30ನೆಯ ವಿಧಿಯು ಮತ, ಭಾಷೆಗಳ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನಿತ್ತಿತು. ಆದರೂ ಅನುಮತಿಯ ಕಾಗದ ಮಾಯವಾಗಲಿಲ್ಲ. 1983ರ ಕರ್ನಾಟಕ ಶಿಕ್ಷಣ ಅಧಿನಿಯಮದಲ್ಲಿಯೂ ನೋಂದಣಿ, ಮಾನ್ಯತೆಗಳ ವಿಧಿಗಳುಂಟು.

ಇದರಲ್ಲಿ ವಿರೋಧವಿದೆಯೆಂದು ನಾವು ಭಾವಿಸುವುದಿಲ್ಲ. ಮಾಡು ಭದ್ರವೇ, ಗುರು ಯೋಗ್ಯನೇ, ಬಾಗಿಲು ಎಲ್ಲರಿಗೂ ತೆರೆದಿದೆಯೇ ಎಂದು ಕೇಳುವ ಸರಕಾರ ಮಗುವನ್ನು ಕಾಯುತ್ತದೆ. ಯಾವ ನುಡಿಯಲ್ಲಿ ಚಿಂತಿಸಬೇಕೆಂದು ಕಟ್ಟಳೆಮಾಡುವ ಸರಕಾರ ತನ್ನನ್ನೇ ಕಾಯ್ದುಕೊಳ್ಳುತ್ತದೆ. ಅರಸು ಬದಲಾದಾಗಲೆಲ್ಲ ಈ ಭೇದವನ್ನು ಎಚ್ಚರದಿಂದ ನೋಡುವುದು ಶಾಲೆ ನಡೆಸುವವರ, ಮಕ್ಕಳನ್ನು ಕಳಿಸುವ ನಮ್ಮೆಲ್ಲರ ಹೊಣೆ.